ಹದ ನೋಡುವ ಪುಟ್ಟ ಕೈ

ಹೊಸ ನೂಲಿನ ಉಂಡೆ ಮನೆಗೆ ಬಂದಾಗ ನೇರವಾಗಿ ಸ್ವೆಟರ್‌ಗೆ ಕೈ ಹಾಕದೆ, ಅಂಗೈಯಗಲದ ಒಂದು ಚೌಕ ಹೆಣೆದು ನೋಡುವುದು ಹೆಣಿಗೆಯ ಮೊದಲ ಪಾಠ. ಹೊಸ ಜೋಳ ಬೀಸಿಕೊಂಡು ಬಂದಾಗ ಪರಾತದ ತುಂಬ ಹಿಟ್ಟು ಕಲಸದೆ, ಒಂದು ಹಿಡಿ ಹಿಟ್ಟು ನಾದಿ ಒಂದೇ ರೊಟ್ಟಿ ಬಡಿದು ನೋಡುವುದು ಅಡುಗೆಮನೆಯ ಮೊದಲ ಪಾಠ. ಎರಡೂ ಕೆಲಸಕ್ಕೆ ಕನ್ನಡದಲ್ಲಿ ಇರುವುದು ಒಂದೇ ಮಾತು: ಹದ ನೋಡುವುದು. ಅನ್ನ ಬೆಂದಿತೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬ ಮನೆಮಾತಿನಲ್ಲಿ ಈ ವಿದ್ಯೆಯ ಸಾರವೆಲ್ಲ ಅಡಗಿದೆ.

ನೂಲು ಮತ್ತು ಹಿಟ್ಟು ಮಾತಿನಲ್ಲೂ ಹತ್ತಿರದ ನಂಟರು. ಸುತ್ತಿಟ್ಟ ದಾರವೂ ಉಂಡೆ, ನಾದಿಟ್ಟ ಹಿಟ್ಟೂ ಉಂಡೆ. ದಾರಕ್ಕೆ ಎಳೆಯ ಲೆಕ್ಕವಿರುವಂತೆ ಬೆಲ್ಲದ ಪಾಕಕ್ಕೂ ಒಂದೆಳೆ, ಎರಡೆಳೆ ಎಂಬ ಲೆಕ್ಕವಿದೆ. ಈ ಎರಡು ಕೆಲಸಗಳಲ್ಲಿಯೂ ಹದ ನೋಡುವ ಹಂತ ಚಿಕ್ಕ ಮಗುವಿಗೆ ಹೇಳಿ ಮಾಡಿಸಿದಂತಿದೆ. ಇಡೀ ಸ್ವೆಟರ್ ಹೆಣೆಯುವಷ್ಟು ತಾಳ್ಮೆ, ನಲವತ್ತು ರೊಟ್ಟಿ ಬಡಿಯುವಷ್ಟು ತೋಳ್ಬಲ ನಾಲ್ಕು ವರ್ಷದ ಮಗುವಿಗೆ ಇರುವುದಿಲ್ಲ. ಒಂದು ತುಣುಕು ನೂಲು, ಲಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಹಿಟ್ಟು ಅದರ ಕೈಗೂ ಗಮನಕ್ಕೂ ಸರಿಯಾಗಿ ಹೊಂದುತ್ತವೆ. ನಮೂನೆ ಕೆಟ್ಟರೆ ನಷ್ಟವೂ ಅಷ್ಟೇ ಸಣ್ಣದು.

ಡೋಣಿ ದಂಡೆಯ ಜೋಳ, ಕರಿಕುರಿಯ ಉಣ್ಣೆ

ಹಿಟ್ಟು, ನೂಲು ಎರಡಕ್ಕೂ ಹಳೆಯ ನಂಟಿರುವ ಸೀಮೆಯೊಂದನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ವಿಜಯಪುರ ಜಿಲ್ಲೆಯ ತಾಳಿಕೋಟೆ ಡೋಣಿ ನದಿಯ ದಂಡೆಯಲ್ಲಿದೆ. ಮೊದಲು ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ಪಟ್ಟಣ ಈಗ ಸ್ವತಃ ತಾಲ್ಲೂಕು ಕೇಂದ್ರ. ನಾಡಿನ ಉಳಿದ ಭಾಗಕ್ಕೆ ಇದರ ಹೆಸರು ಗೊತ್ತಿರುವುದು ವಿಜಯನಗರದ ಭಾಗ್ಯ ತಿರುಗಿಸಿದ 1565ರ ಕದನದಿಂದ. ಸುತ್ತಲಿನ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯವರಿಗೆ ಡೋಣಿ ಎಂದರೆ ಎರೆಹೊಲ, ಎರೆಹೊಲವೆಂದರೆ ಬಿಳಿಜೋಳ. ಡೋಣಿಯ ಬಯಲು ಬೆಳೆದರೆ ಓಣಿಯ ತುಂಬ ಜೋಳ ಎಂದು ಇಲ್ಲಿನವರು ಹೇಳುತ್ತಾರೆ.

ಇಲ್ಲಿನ ಮುಖ್ಯ ಬೆಳೆ ಹಿಂಗಾರಿ ಜೋಳ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಿತ್ತಿದ ಬೀಜ ಎರೆಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ನೆಚ್ಚಿ ಬೆಳೆಯುತ್ತದೆ. ಚಳಿಗಾಲದಲ್ಲಿ ತೆನೆ ಹಾಲುಗಟ್ಟಿ, ಸಂಕ್ರಾಂತಿ ಕಳೆದ ಮೇಲೆ ಕೊಯ್ಲಿಗೆ ಬರುತ್ತದೆ. ಮಾಲದಂಡಿ ಎಂದೇ ಹೆಸರಾದ ಎಂ 35-1 ತಳಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ಬೆಳೆಸಿದ್ದು. ದಶಕಗಳಿಂದ ಈ ಬಯಲಿನ ರೊಟ್ಟಿಯ ರುಚಿಯನ್ನು ಅದೇ ನಿರ್ಧರಿಸಿದೆ.

ಉಣ್ಣೆಗೂ ಇಲ್ಲಿ ಹಳೆಯ ನೆಲೆಯಿದೆ. ದಖನಿ ತಳಿಯ ಕರಿಕುರಿಗಳ ತುಪ್ಪಟ ಕತ್ತರಿಸಿ, ಹಿಂಜಿ, ನೂತು, ಕುಣಿಮಗ್ಗದಲ್ಲಿ ಕಂಬಳಿ ನೇಯುವುದು ಕುರುಬ ಸಮುದಾಯದ ಪರಂಪರೆಯ ಕಸುಬು. ನೇಯುವ ಮುನ್ನ ನೂಲಿಗೆ ಹುಣಸೆಬೀಜದ ಸರಿ ಬಳಿದು ಗಟ್ಟಿಮಾಡುತ್ತಾರೆ. ಹಾಗೆಯೇ ಹಳೆಯ ಸೀರೆ, ಧೋತರಗಳ ತುಂಡು ಸೇರಿಸಿ ಹೊಲಿದ ಕೌದಿಯಿಲ್ಲದ ಮನೆ ಈ ಭಾಗದಲ್ಲಿ ಅಪರೂಪ. ಕೂಸಿನ ತಲೆಗೆ ಕುಲಾವಿ, ಬೆನ್ನು ಮುಚ್ಚುವ ಕುಂಚಿಗೆ ಇಲ್ಲಿನ ತೊಟ್ಟಿಲಿನ ಜೊತೆಗೇ ಬಂದ ಉಡುಗೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ಆತುರಗಾರರಿಗೆ ಹೇಳುವ ಬುದ್ಧಿಮಾತು. ಹೆಣೆಯುವವರು ಅದರಲ್ಲಿ ಇನ್ನೊಂದು ಪಾಠವನ್ನೂ ಓದಿಕೊಳ್ಳಬಹುದು: ತಲೆಯ ಅಳತೆ ಗೊತ್ತಿಲ್ಲದೆ ಮಾಡಿದ ಟೊಪ್ಪಿಗೆ ಸರಿಯಾಗಿ ಕೂರುವುದು ಕಷ್ಟ.

ಅಂಗಡಿಯ ಉಲ್ಲನ್: ನೋಡಿ, ಮುಟ್ಟಿ ತಿಳಿಯುವುದು

ಪೇಟೆಯಲ್ಲಿ ಉಲ್ಲನ್ ಎಂದು ಮಾರುವ ದಾರವೆಲ್ಲ ಉಣ್ಣೆಯದಲ್ಲ. ಪಂಜಾಬಿನ ಲುಧಿಯಾನಾದಂಥ ಊರುಗಳ ಗಿರಣಿಗಳಿಂದ ಬರುವ ಅಗ್ಗದ ಬಣ್ಣಬಣ್ಣದ ದಾರದಲ್ಲಿ ಹೆಚ್ಚಿನದು ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಮೂಲದ ಕೃತಕ ನೂಲು. ಅದು ಹಗುರ, ಸುಲಭವಾಗಿ ಒಗೆಯಬಹುದು, ನುಸಿ ಹಿಡಿಯುವುದಿಲ್ಲ. ಆದರೆ ಬೆಂಕಿಯ ಕಾವಿಗೆ ಕರಗಿ ಅಂಟುತ್ತದೆ. ಆದ್ದರಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಎಂದೂ ಹೆಣೆಯಬಾರದು. ಅದಕ್ಕೆ ಹತ್ತಿಯ ದಾರವೇ ಸರಿ.

ನಿಜವಾದ ಉಣ್ಣೆಯಲ್ಲೂ ಭೇದವಿದೆ. ಉಣ್ಣೆ ಮೈಗೆ ಚುಚ್ಚುವುದು ಎಳೆಯ ದಪ್ಪದಿಂದ. ಎಳೆಯ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸುಮಾರು 30 ಮೈಕ್ರಾನಿಗಿಂತ ದಪ್ಪನೆಯ ಎಳೆಯ ತುದಿ ಬಾಗದೆ ಚರ್ಮಕ್ಕೆ ಒತ್ತುತ್ತದೆ. ಅದೇ ಚುಚ್ಚಿದಂತೆ ಅನ್ನಿಸುವುದು. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನ್ ಒಳಗಿರುವುದರಿಂದ ಕೂಸಿನ ಮೈಗೂ ಹಿತ. ದಖನಿ ಕುರಿಯ ಉಣ್ಣೆ ಇದಕ್ಕಿಂತ ಬಹಳ ಒರಟು. ಮಳೆ, ಚಳಿ ತಡೆಯುವ ಕಂಬಳಿಗೆ ಆ ಒರಟುತನವೇ ಬಲ, ಕುಲಾವಿಗೆ ಅದು ಒಗ್ಗದು.

ದಾರವನ್ನು ಕೆನ್ನೆಯ ಮೇಲೆ, ಕುತ್ತಿಗೆಯ ಬದಿಗೆ, ಮುಂಗೈಯ ಒಳಭಾಗಕ್ಕೆ ಸವರಿ ನೋಡಿದರೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಈ ಪರೀಕ್ಷೆಗೆ ಮಗುವಿಗಿಂತ ಒಳ್ಳೆಯ ಪರೀಕ್ಷಕರಿಲ್ಲ. ಮೂರು ಬಗೆಯ ದಾರದ ಒಂದೊಂದು ತುಂಡು ಮುಂದಿಟ್ಟು, ಯಾವುದು ಚುಚ್ಚುತ್ತದೆ, ಯಾವುದು ಬೆಕ್ಕಿನ ಮೈಯಂತಿದೆ, ಯಾವುದು ಜಾರುತ್ತದೆ ಎಂದು ಕೇಳಿದರೆ ಮೂರು ವರ್ಷದ ಮಗು ಎಗ್ಗಿಲ್ಲದೆ ಹೇಳುತ್ತದೆ. ಟೊಪ್ಪಿಗೆ ಹಾಕಿಕೊಳ್ಳಬೇಕಾದ ತಲೆಯೇ ದಾರ ಆರಿಸಿದರೆ, ಹೆಣೆದು ಮುಗಿದ ಮೇಲೆ ಕಿತ್ತೆಸೆಯುವ ರಗಳೆಯೂ ಕಡಿಮೆ.

ದಾರ ಯಾವುದರದೆಂದು ಖಚಿತವಾಗದಿದ್ದರೆ ಸುಟ್ಟು ನೋಡುವ ಹಳೆಯ ಉಪಾಯವಿದೆ. ಹಿರಿಯರು ಮಾತ್ರ, ಮಗುವನ್ನು ದೂರ ಕೂರಿಸಿ, ಇಕ್ಕಳದಲ್ಲಿ ಬೆರಳುದ್ದದ ದಾರ ಹಿಡಿದು ತುದಿಗೆ ಕಡ್ಡಿ ಗೀರಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ ಬೂದಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ. ಅಕ್ರಿಲಿಕ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ.

ಬಣ್ಣ ಬಿಡುವ ಪರೀಕ್ಷೆ ಇನ್ನೂ ಸುಲಭ. ಬಿಳಿ ಅರಿವೆಯೊಂದನ್ನು ಒದ್ದೆ ಮಾಡಿ ದಾರದ ಮೇಲೆ ಇಪ್ಪತ್ತು ಸಲ ಉಜ್ಜಬೇಕು. ಎಣಿಸುವ ಕೆಲಸ ಮಗುವಿನದು. ಅರಿವೆಗೆ ಬಣ್ಣ ಹತ್ತಿದರೆ ಆ ದಾರವನ್ನು ಬಿಳಿಯ ಜೊತೆ ಸೇರಿಸಿ ಹೆಣೆಯಬಾರದು. ಉಂಡೆಯ ಮೇಲಿನ ಚೀಟಿಯಲ್ಲಿ ತೂಕ, ನೂಲಿನ ಜಾತಿ, ಬಣ್ಣದ ಲಾಟ್ ನಂಬರು ಇರುತ್ತವೆ. ಒಂದೇ ಬಣ್ಣವಾದರೂ ಲಾಟ್ ಬೇರೆಯಾದರೆ ಛಾಯೆ ಬೇರೆಯಾಗಬಹುದು. ಒಂದು ಸ್ವೆಟರ್‌ಗೆ ಬೇಕಾದ ಉಂಡೆಗಳನ್ನೆಲ್ಲ ಒಂದೇ ಲಾಟ್‌ನಲ್ಲಿ ಕೊಳ್ಳುವುದು ಇದಕ್ಕಾಗಿ.

ನಮೂನೆ ನೋಡುವುದು ಮನೆಗಷ್ಟೇ ಸೀಮಿತವಾದ ಪದ್ಧತಿಯಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಗೆ ಹೆಸರಾಗಿದೆ. ಧ್ವಜದ ಖಾದಿ ನೇಯುವ ತುಳಸಿಗೇರಿ ಇರುವುದು ವಿಜಯಪುರದ ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ. ಆ ಬಟ್ಟೆ ಭಾರತೀಯ ಮಾನಕ ಬ್ಯೂರೋದ ಗುಣಮಟ್ಟಕ್ಕೆ ತಕ್ಕಂತಿರಬೇಕಾದ್ದರಿಂದ ನೂಲು, ನೇಯ್ಗೆ, ಬಣ್ಣ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ಧ್ವಜಕ್ಕೆ ನಡೆಯುವ ಪರೀಕ್ಷೆಯ ತತ್ವವೇ ಮನೆಯ ಪಡಸಾಲೆಯಲ್ಲಿ ಬಿಳಿ ಅರಿವೆ ಉಜ್ಜುವ ಮಗುವಿನ ಕೈಯಲ್ಲೂ ಇದೆ.

ಚೌಕ ಹೆಣೆದು ಅಳೆಯುವ ಬಗೆ

ಹೆಣಿಗೆಯ ಕಡ್ಡಿಗಳಿಗೆ ನಮ್ಮಲ್ಲಿ ಹಳೆಯ ಬ್ರಿಟಿಷ್ ನಂಬರುಗಳು ಇನ್ನೂ ಬಳಕೆಯಲ್ಲಿವೆ. ನಂಬರು ಹೆಚ್ಚಿದಂತೆ ಕಡ್ಡಿ ಸಣ್ಣದಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು. 8 ನಂಬರಿನ ಕಡ್ಡಿ 4 ಮಿಲಿಮೀಟರ್ ದಪ್ಪ, 10 ನಂಬರಿನದು 3.25 ಮಿಲಿಮೀಟರ್. ಮಧ್ಯಮ ದಪ್ಪದ ದಾರಕ್ಕೆ 8 ನಂಬರು ಹೊಂದುತ್ತದೆ, ಕೂಸಿನ ಬಟ್ಟೆಯ ಸಪೂರ ದಾರಕ್ಕೆ 10 ನಂಬರು.

ನಮೂನೆಗೆ 8 ನಂಬರಿನ ಕಡ್ಡಿಯ ಮೇಲೆ 30 ಕುಣಿಕೆ ಎತ್ತಿಕೊಂಡು, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದು 36 ಸಾಲು ಹೆಣೆಯಬೇಕು. ಹತ್ತು ಗ್ರಾಂ ಒಳಗಿನ ದಾರದಲ್ಲಿ ಇದು ಮುಗಿಯುತ್ತದೆ. ಕೂಡಲೇ ಅಳೆಯಬಾರದು. ಮುಂದೆ ಬಟ್ಟೆಯನ್ನು ಹೇಗೆ ಒಗೆಯುವುದೋ ಹಾಗೆಯೇ ಚೌಕವನ್ನೂ ಒಗೆದು, ಹಿಂಡದೆ, ಟವೆಲಿನ ಮೇಲೆ ಹರಡಿ ಒಣಗಿಸಬೇಕು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿ ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ಹತ್ತಿಯೂ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಸ್ವೆಟರ್‌ಗೆ ಆಗಬಹುದಾದ ಈ ಅನಾಹುತ ಚೌಕದಲ್ಲಿಯೇ ಕಂಡುಬಿಟ್ಟರೆ ಎರಡು ತಿಂಗಳ ಶ್ರಮ ಉಳಿಯುತ್ತದೆ.

ಒಣಗಿದ ಚೌಕದ ಅಂಚು ಬಿಟ್ಟು, ನಡುವೆ 10 ಸೆಂಟಿಮೀಟರಿನೊಳಗೆ ಎಷ್ಟು ಕುಣಿಕೆ ಕೂತಿವೆ ಎಂದು ಎಣಿಸಬೇಕು. ಉದಾಹರಣೆಗೆ, ಮೂರು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 50 ಸೆಂಟಿಮೀಟರ್. ಹೆಣೆದ ಬಟ್ಟೆ ಹಿಗ್ಗುವುದರಿಂದ ಟೊಪ್ಪಿಗೆಯನ್ನು 45 ಸೆಂಟಿಮೀಟರಿಗೆ ಮಾಡಿದರೆ ತಲೆಗೆ ಹಿಡಿದು ಕೂರುತ್ತದೆ. ಚೌಕದಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಬಂದಿದ್ದರೆ 45ಕ್ಕೆ 99 ಕುಣಿಕೆ ಬೇಕು. ಇನ್ನೊಬ್ಬರ ಕೈ ಸಡಿಲವಾಗಿದ್ದು 20 ಕುಣಿಕೆ ಮಾತ್ರ ಬಂದಿದ್ದರೆ 90 ಸಾಕು. ಸಡಿಲ ಕೈಯವರು ಲೆಕ್ಕ ನೋಡದೆ 99 ಕುಣಿಕೆ ಎತ್ತಿದರೆ ಟೊಪ್ಪಿಗೆ 49.5 ಸೆಂಟಿಮೀಟರ್ ಆಗಿ, ಮಗು ಬಗ್ಗಿದಾಗಲೆಲ್ಲ ಕಣ್ಣಿನ ಮೇಲೆ ಜಾರುತ್ತದೆ. ಹತ್ತು ಸೆಂಟಿಮೀಟರಿನ ಮೇಲೆ ಎರಡೇ ಕುಣಿಕೆಯ ವ್ಯತ್ಯಾಸ ತಲೆಯ ಸುತ್ತ ಬರುವ ಹೊತ್ತಿಗೆ ಮೂರು ಬೆರಳಿನಷ್ಟು ಅಗಲವಾಗುತ್ತದೆ.

ಮಗುವಿನ ಪಾಲಿನ ಕೆಲಸ

ಮೂರರಿಂದ ನಾಲ್ಕು ವರ್ಷದ ಮಗು ಬಣ್ಣ ಆರಿಸಬಲ್ಲದು, ದಾರ ಮುಟ್ಟಿ ಹೇಳಬಲ್ಲದು, ಹಿರಿಯರ ಜೊತೆ ಕುಳಿತು ಉಂಡೆ ಸುತ್ತಬಲ್ಲದು, ದಪ್ಪ ಮಣಿಗಳನ್ನು ದಾರಕ್ಕೆ ಪೋಣಿಸಬಲ್ಲದು. ಉಂಡೆ ಸುತ್ತುವುದು ಸಣ್ಣ ಕೆಲಸವಲ್ಲ. ಒಂದು ಕೈ ಹಿಡಿದಿರಬೇಕು, ಇನ್ನೊಂದು ತಿರುಗಬೇಕು, ದಾರ ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು. ಮುಂದೆ ಅಕ್ಷರ ಬರೆಯುವಾಗ ಬೇಕಾಗುವ ಕೈಯ ಹಿಡಿತ ಇಂಥ ಕೆಲಸದಲ್ಲಿ ಬೆಳೆಯುತ್ತದೆ.

ಐದು, ಆರು ವರ್ಷಕ್ಕೆ ಕಡ್ಡಿಯಿಲ್ಲದೆ ಬೆರಳಲ್ಲೇ ಹೆಣೆಯಬಹುದು. ಎಡಗೈಯ ನಾಲ್ಕು ಬೆರಳಿಗೆ ದಾರವನ್ನು ಹಿಂದೆಮುಂದೆ ಸುತ್ತಿ, ಕೆಳಗಿನ ಎಳೆಯನ್ನು ಮೇಲಿನದರ ಮೇಲಿಂದ ಹಾಯಿಸಿ ಬೆರಳ ಹಿಂದಕ್ಕೆ ಇಳಿಸುತ್ತ ಹೋದರೆ ಉದ್ದನೆಯ ಪಟ್ಟಿ ಬರುತ್ತದೆ. ಗೊಂಬೆಯ ಶಾಲು, ಬಾಗಿಲಿನ ತೋರಣ, ಎತ್ತಿನ ಗೊಂಬೆಯ ಕೊರಳ ಹಗ್ಗ ಹೀಗೆಯೇ ಆಗುತ್ತವೆ. ಆರು, ಏಳು ವರ್ಷಕ್ಕೆ ದಪ್ಪನೆಯ ಬಿದಿರಿನ ಕಡ್ಡಿ, ದಪ್ಪ ದಾರ ಕೊಟ್ಟು ಹತ್ತು ಕುಣಿಕೆಯ ಚೌಕಕ್ಕೆ ಕೂರಿಸಬಹುದು. ಕೈಕೆಲಸಕ್ಕೆ ಒತ್ತು ಕೊಡುವ ವಾಲ್ಡಾರ್ಫ್ ಪದ್ಧತಿಯ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹೆಣಿಗೆ ಕಲಿಸುತ್ತಾರೆ. ಕೈಕಸುಬಿನ ಮೂಲಕವೇ ಪಾಠ ನಡೆಯಬೇಕೆಂಬ ಗಾಂಧೀಜಿಯವರ ನಯೀ ತಾಲೀಮ್ 1937ರಲ್ಲಿ ವಾರ್ಧಾದಲ್ಲಿ ರೂಪ ಪಡೆದಾಗ ಮಕ್ಕಳ ಕೈಗೆ ತಕಲಿ ಬಂದಿತ್ತು. ತಕಲಿಯಲ್ಲಿ ನೂಲುವ ಮಗು ಎಳೆಯ ಸಪೂರ, ದಪ್ಪ, ತಿರುಚುಗಳನ್ನು ಬೆರಳಿನಿಂದಲೇ ಅರಿಯುತ್ತದೆ.

ಹಿಟ್ಟಿನ ಜಿಗಿ

ಗೋಧಿಯ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರ ಪ್ರೋಟೀನುಗಳು ಕೂಡಿ ಗ್ಲುಟೆನ್ ಎಂಬ ರಬ್ಬರಿನಂಥ ಬಲೆಯಾಗುತ್ತದೆ. ಚಪಾತಿ ಲಟ್ಟಿಸಲು ಬರುವುದು ಅದರಿಂದ. ಜೋಳದಲ್ಲಿ ಗ್ಲುಟೆನ್ ಇಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕುವುದಕ್ಕೆ ಇದೇ ಕಾರಣ. ಬಿಸಿನೀರು ತಾಗಿದ ಕೂಡಲೇ ಹಿಟ್ಟಿನ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ಇದನ್ನೇ ಇಲ್ಲಿನವರು ಜಿಗಿ ಎನ್ನುತ್ತಾರೆ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಜಿಗಿ ಕಡಿಮೆ. ತಳಿ ಬೇರೆಯಾದರೂ, ಹೊಲ ಬೇರೆಯಾದರೂ, ಬೀಸಿದ ನುಣುಪು ಬೇರೆಯಾದರೂ ಹಿಟ್ಟು ಕುಡಿಯುವ ನೀರಿನ ಪ್ರಮಾಣ ಬದಲಾಗುತ್ತದೆ. ಆದ್ದರಿಂದ ಪ್ರತಿ ಹೊಸ ಹಿಟ್ಟಿಗೂ ಹದ ನೋಡಲೇಬೇಕು.

ಹದ ನೋಡುವ ಕ್ರಮ ಇಷ್ಟೇ. ಒಂದು ಹಿಡಿ ಹಿಟ್ಟಿನ ನಡುವೆ ಗುಳಿ ಮಾಡಿ, ಚಿಟಿಕೆ ಉಪ್ಪು ಹಾಕಿ ಕುದಿಸಿದ ನೀರನ್ನು ಅದಕ್ಕೆ ಹೊಯ್ದು ಚಮಚೆಯಿಂದ ಕಲೆಸಿ ಮುಚ್ಚಿಡಬೇಕು. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಉಂಡೆಯನ್ನು ಚಪ್ಪಟೆ ಮಾಡಿದಾಗ ಅಂಚು ಸೀಳಿದರೆ ನೀರು ಸಾಲದು, ಇಲ್ಲವೇ ಜಿಗಿ ಇಲ್ಲ. ಅಂಗೈಗೆ ಅಂಟಿದರೆ ನೀರು ಹೆಚ್ಚು. ಕಿವಿಯ ಹಾಲೆಯಂತೆ ಮೆತ್ತಗಿದ್ದು ಅಂಚು ನುಣ್ಣಗಿದ್ದರೆ ಹದ ಕೂಡಿತು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿ ಪೂರಿಯಂತಾದರೆ ಉಳಿದ ಹಿಟ್ಟಿಗೆ ಧೈರ್ಯವಾಗಿ ಎಸರು ಇಡಬಹುದು.

ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಮಗು ಒಲೆಯ ಹತ್ತಿರ ಬಂದೇ ಬರುತ್ತದೆ. “ನಂಗೂ ಒಂದ್ ಉಂಡಿ ಕೊಡಬೇ” ಎಂಬ ಬೇಡಿಕೆ ಈ ಸೀಮೆಯ ಅಡುಗೆಮನೆಗಳಿಗೆ ಹೊಸದಲ್ಲ. ಅವ್ವ ಲಿಂಬೆಹಣ್ಣಿನ ಗಾತ್ರದ ಉಂಡಿ ಕೊಡುತ್ತಾಳೆ. ಮಗು ತಾಟಿನ ಮೇಲೆ ಒಣಹಿಟ್ಟು ಉದುರಿಸಿ, ಎರಡೂ ಅಂಗೈಯಿಂದ ಬಡಿಯುತ್ತದೆ. ತಿರುಗಿಸಲು ಬಾರದೆ ರೊಟ್ಟಿಯ ಒಂದು ಬದಿ ತೆಳು, ಇನ್ನೊಂದು ಬದಿ ದಪ್ಪವಾಗುತ್ತದೆ. ಬೆರಳ ಗುರುತು ಐದೂ ಅದರ ಮೇಲೆ ಮೂಡಿರುತ್ತವೆ. ದೊಡ್ಡ ರೊಟ್ಟಿಯ ಪಕ್ಕದಲ್ಲಿ, ಹಂಚಿನ ಅಂಚಿಗೆ ಅದಕ್ಕೂ ಜಾಗ ಸಿಗುತ್ತದೆ. ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಮೇಲ್ಮೈ ಆರಿದ ಮೇಲೆ ಮಗುಚುತ್ತಾರೆ. ತೆಳು ಬದಿ ಕಡಕ್ ಆಗಿ, ದಪ್ಪ ಬದಿ ಮೆತ್ತಗೆ ಉಳಿಯುತ್ತದೆ. ತೆಳುವಾದದ್ದು ಬೇಗ ಬೇಯುತ್ತದೆ ಎಂಬ ಪಾಠವನ್ನು ಮಗು ಅಲ್ಲಿ ತಿಂದೇ ಕಲಿಯುತ್ತದೆ. ಆ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿ ಕೊಟ್ಟರೆ ಬೇರೆ ದಿನ ಉಣ್ಣಲು ಹಟ ಮಾಡುವ ಮಗುವೂ ಚೂರು ಬಿಡದೆ ತಿನ್ನುವುದುಂಟು.

ಚಳಿಗಾಲದಲ್ಲಿ ಇಂಥ ಅವಕಾಶಗಳು ಸಾಲಾಗಿ ಬರುತ್ತವೆ. ಗೌರಿ ಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಆನೆ, ನವಿಲು, ಗೋಪುರಗಳ ಸಕ್ಕರೆ ಆರತಿ ಮಾಡುತ್ತಾರೆ. ಪಾಕ ಕಾಯಿಸುವುದು, ಹೊಯ್ಯುವುದು ಹಿರಿಯರದೇ ಕೆಲಸ. ಆರಿದ ಅಚ್ಚು ಬಿಚ್ಚಿ, ಸೊಂಡಿಲು ಮುರಿಯದಂತೆ ಆನೆಯನ್ನು ಎತ್ತಿಡುವುದು ಮಕ್ಕಳ ಸಂಭ್ರಮ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಲು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕು. ಬಡಿದ ಹಸಿರೊಟ್ಟಿಯ ಮೇಲೆ ಎಳ್ಳು ಉದುರಿಸಿ ಅಂಗೈಯಿಂದ ಒತ್ತುವುದನ್ನು ಮೂರು ವರ್ಷದ ಮಗುವೂ ಮಾಡುತ್ತದೆ. ಜೋಳದ ತೆನೆ ಹಾಲುಗಟ್ಟಿದ ಮೇಲೆ ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು ಉದುರಿಸಿ ತಿನ್ನುವ ಸೀತನಿ, ಆ ವರ್ಷದ ಜೋಳದ ಮೊದಲ ನಮೂನೆ.

ಕಾವಲಿ ಬಿಟ್ಟು ಕುಕ್ಕರಿಗೆ

ಒಲೆಯ ಮೇಲೆ ಬೇಯಿಸುವ ಪದ್ಧತಿ ನಮ್ಮದು. ನಾಲ್ಕೂ ಕಡೆಯಿಂದ ಒಣಕಾವು ತಾಗಿಸಿ ಬೇಯಿಸುವ ಭಟ್ಟಿಯ ಕೆಲಸ ಬೇಕರಿಗೆ ಸೇರಿದ್ದು. ಓವನ್ ಇಲ್ಲದ ಮನೆಯಲ್ಲೂ ದಪ್ಪ ತಳದ ಹಳೆಯ ಪಾತ್ರೆ ಅಥವಾ ಕುಕ್ಕರ್ ಇದ್ದರೆ ಭಟ್ಟಿ ಮಾಡಿಕೊಳ್ಳಬಹುದು. ತಳದಲ್ಲಿ ಎರಡು ಸೆಂಟಿಮೀಟರ್ ದಪ್ಪ ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳದ ರಬ್ಬರ್ ಮತ್ತು ಸೀಟಿ ಎರಡನ್ನೂ ತಪ್ಪದೆ ತೆಗೆದು, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು.

ಜೋಳದ ಬಿಸ್ಕೀಟಿಗೆ 100 ಗ್ರಾಂ ಜೋಳದ ಹಿಟ್ಟು, 50 ಗ್ರಾಂ ಗೋಧಿ ಹಿಟ್ಟು, 75 ಗ್ರಾಂ ತುಪ್ಪ, 60 ಗ್ರಾಂ ಪುಡಿಬೆಲ್ಲ, ಕಾಲು ಟೀ ಚಮಚೆ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ ಸಾಕು. ಜೋಳ ಪುಡಿಪುಡಿಯಾಗದಂತೆ ಹಿಡಿಯಲು ಗೋಧಿಯ ಗ್ಲುಟೆನ್ ಬೇಕು. ತುಪ್ಪ ಬೆಲ್ಲವನ್ನು ಮೊದಲು ತಿಕ್ಕಿ, ಹಿಟ್ಟು ಬೆರೆಸಿ, ಎರಡು ಮೂರು ಚಮಚೆ ಹಾಲು ಚಿಮುಕಿಸಿ ಉಂಡೆ ಕಟ್ಟಬೇಕು. ಇಲ್ಲಿಯೂ ಮೊದಲು ಒಂದೇ ಬಿಸ್ಕೀಟು ಇಟ್ಟು ನೋಡುವುದು ಜಾಣತನ. ಸಣ್ಣ ಉರಿಯಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಅಂಚು ಕೆಂಪಗಾಗುತ್ತದೆ. ಹೊರತೆಗೆದಾಗ ಮೆತ್ತಗಿದ್ದು ಆರಿದ ಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದ ಪೂರ್ತಿ ಆರುವ ಮೊದಲು ತೀರ್ಪು ಕೊಡಬಾರದು, ಒಣಗುವ ಮೊದಲು ಚೌಕ ಅಳೆಯಬಾರದೆಂಬ ನಿಯಮದ ಹಾಗೆ.

ಆ ಒಂದು ಬಿಸ್ಕೀಟು ಎಲ್ಲವನ್ನೂ ಹೇಳುತ್ತದೆ. ಹರಡಿ ಅಪ್ಪಳದಂತಾದರೆ ತುಪ್ಪ ಹೆಚ್ಚು, ಒಂದು ಚಮಚೆ ಹಿಟ್ಟು ಸೇರಿಸಬೇಕು. ಬಿರುಕು ಬಿಟ್ಟು ಉದುರಿದರೆ ಒಂದು ಚಮಚೆ ಹಾಲು ಬೇಕು. ಮೇಲೆ ಬಿಳಿಚಿ ತಳ ಕರಿದಾದರೆ ಉರಿ ಹೆಚ್ಚಾಯಿತು. ಸರಿಮಾಡಿದ ಮೇಲೆ ಉಳಿದ ಹಿಟ್ಟಿನಲ್ಲಿ ಇಪ್ಪತ್ತರ ಹತ್ತಿರ ಬಿಸ್ಕೀಟಾಗುತ್ತವೆ. ಹಿಟ್ಟು ಜರಡಿ ಹಿಡಿಯುವುದು, ಚಮಚೆ ಎಣಿಸುವುದು, ಉಂಡೆ ಕಟ್ಟುವುದು, ಮೇಲೊಂದು ಶೇಂಗಾಬೇಳೆ ಒತ್ತುವುದು ಮಗುವಿನ ಕೆಲಸ. ಕಾವಿಗೆ ಸಂಬಂಧಿಸಿದ್ದು ಯಾವುದೂ ಮಗುವಿನದಲ್ಲ.

ಎಚ್ಚರದ ಮಾತು

ಉರಿಯುವ ಒಲೆಯಿಂದ ಮಗುವನ್ನು ಕನಿಷ್ಠ ಎರಡು ಮಾರು ದೂರದಲ್ಲಿ, ನೆಲದ ಮೇಲೆ ಕೂರಿಸಿ ಕೆಲಸ ಕೊಡಬೇಕು. ಹಂಚಿನ ಅಂಚಿಗೆ ಪುಟ್ಟ ರೊಟ್ಟಿ ಇಡುವ ಕೈ ಹಿರಿಯರದೇ ಆಗಿರಬೇಕು. ಎಸರು, ಪಾಕ, ಎಣ್ಣೆಯ ಬಾಣಲೆ ಕೆಳಗಿಳಿಸುವ ಹೊತ್ತಿಗೆ ಮಗು ಆ ದಾರಿಯಲ್ಲಿ ಇರಬಾರದು. ಕಲಸಿದ ಹಸಿ ಹಿಟ್ಟನ್ನು ನೆಕ್ಕಲು ಬಿಡಬಾರದು. ಹಿಟ್ಟು ಬೇಯಿಸದ ಪದಾರ್ಥ, ಅದರಲ್ಲಿ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಇರಬಹುದು. ಇಡೀ ಶೇಂಗಾ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಐದು ವರ್ಷದೊಳಗಿನವರ ಬಿಸ್ಕೀಟಿಗೆ ಕುಟ್ಟಿದ ಪುಡಿಯೇ ಸರಿ.

ದಾರದ ಅಪಾಯ ಕಣ್ಣಿಗೆ ಬೇಗ ಕಾಣುವುದಿಲ್ಲ. ಗೇಣಿಗಿಂತ ಉದ್ದದ ದಾರವನ್ನು ಸಣ್ಣ ಮಗುವಿನ ಬಳಿ ಬಿಟ್ಟು ಹೋಗಬಾರದು, ಕೊರಳಿಗೆ ಸುತ್ತಿಕೊಳ್ಳುತ್ತದೆ. ಕೂಸಿನ ಕುಲಾವಿಯ ಕಟ್ಟು ಗಿಡ್ಡವಿರಬೇಕು, ಮಲಗಿಸುವಾಗ ಟೊಪ್ಪಿಗೆ ತೆಗೆಯಬೇಕು. ಮೂರು ವರ್ಷದೊಳಗಿನವರ ಬಟ್ಟೆಗೆ ಮಣಿ, ಗುಂಡಿ ಹಚ್ಚದಿರುವುದು ಒಳ್ಳೆಯದು. ಕಡ್ಡಿ ಹಿಡಿದು ಓಡುವಂತಿಲ್ಲ ಎಂಬ ನಿಯಮ ಮೊದಲ ದಿನವೇ ಹೇಳಬೇಕು.

ನಮೂನೆಗಳನ್ನು ಕಾಪಿಡುವುದು

ನೋಡಿ ಮುಗಿದ ನಮೂನೆಯನ್ನು ಬಿಚ್ಚಿ ಎಸೆದರೆ ಅದರ ಅರ್ಧ ಪ್ರಯೋಜನ ಹೋದಂತೆ. ದಪ್ಪ ರಟ್ಟಿನ ಒಂದು ವಹಿಯಲ್ಲಿ ಪ್ರತಿ ದಾರಕ್ಕೂ ಒಂದು ಪುಟ ಇಡಬಹುದು. ಉಂಡೆಯ ಚೀಟಿ ಅಂಟಿಸಿ, ಬೆರಳುದ್ದ ದಾರ ಕಟ್ಟಿ, ಕಡ್ಡಿಯ ನಂಬರು, 10 ಸೆಂಟಿಮೀಟರಿನ ಕುಣಿಕೆ, ಒಗೆದ ಮೇಲಿನ ಅಳತೆ ಬರೆದಿಟ್ಟರೆ ಮುಂದಿನ ಚಳಿಗಾಲಕ್ಕೆ ಅದೇ ಗುರು. ವಹಿಯ ಹಿಂಬದಿಯಿಂದ ಹಿಟ್ಟಿನ ಲೆಕ್ಕ: ಯಾವ ಜೋಳ, ಯಾವಾಗ ಬೀಸಿದ್ದು, ಒಂದು ಲೋಟ ಹಿಟ್ಟಿಗೆ ಎಷ್ಟು ನೀರು ಹಿಡಿಯಿತು, ರೊಟ್ಟಿ ಉಬ್ಬಿತೋ ಸೀಳಿತೋ. ಅಕ್ಷರ ಬಾರದ ಮಗು ಉಬ್ಬಿದ ರೊಟ್ಟಿಗೆ ದುಂಡು ಚಿತ್ರ, ಸೀಳಿದ್ದಕ್ಕೆ ಗೀರು ಹಾಕಿ ದಾಖಲೆ ಮಾಡಬಲ್ಲದು.

ಚೌಕಗಳು ಕೂಡುತ್ತ ಬಂದ ಮೇಲೆ ಅವಕ್ಕೆ ಇಲ್ಲಿಯದೇ ಆದ ದಾರಿಯಿದೆ. ಬೇರೆ ಬೇರೆ ಸೀರೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವಂತೆ, ಹೆಣೆದ ಚೌಕಗಳನ್ನೂ ಅಂಚಿಗೆ ಅಂಚು ಸೇರಿಸಿ ಹೊಲಿಯಬಹುದು. ಪ್ರತಿ ಚೌಕ 13 ಸೆಂಟಿಮೀಟರ್ ಇದ್ದರೆ ಅಡ್ಡ 6, ಉದ್ದ 8, ಒಟ್ಟು 48 ಚೌಕದಲ್ಲಿ 78 ಸೆಂಟಿಮೀಟರ್ ಅಗಲ, 104 ಸೆಂಟಿಮೀಟರ್ ಉದ್ದದ ಹೊದಿಕೆಯಾಗುತ್ತದೆ. ಚಳಿಗಾಲಕ್ಕೆ ಹನ್ನೆರಡು ಹೊಸ ದಾರದ ಹದ ನೋಡಿದರೂ ಅದು ಮುಗಿಯಲು ನಾಲ್ಕು ವರ್ಷ. ಮೂರನೆಯ ವಯಸ್ಸಿನಲ್ಲಿ ದಾರ ಮುಟ್ಟಿ ಆರಿಸಿದ ಮಗು ಏಳನೆಯ ವಯಸ್ಸಿಗೆ ಕೊನೆಯ ಸಾಲಿನ ಚೌಕಗಳನ್ನು ತಾನೇ ಹೆಣೆಯುತ್ತದೆ. ಉಣ್ಣೆಯ ಚೌಕವನ್ನು ಉಣ್ಣೆಯ ಜೊತೆ, ಅಕ್ರಿಲಿಕ್ ಅನ್ನು ಅಕ್ರಿಲಿಕ್ ಜೊತೆ ಸೇರಿಸಬೇಕು. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಹೊದಿಕೆ ಮುದುಡುತ್ತದೆ. ಯಾವ ಚೌಕ ಯಾವುದರದೆಂದು ವಹಿಯ ಪುಟ ಹೇಳುತ್ತದೆ.